ಅಮೆರಿಕದ ಯೂನಿಯನ್ ಇಲ್ಲದ ಕಾರು ಕಾರ್ಖಾನೆಗಳು: ಕಾರ್ಮಿಕರು ಯೂನಿಯನ್ ಕಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಹಾಜರಿಪುಸ್ತಕ (ಪ್ರಶ್ನೆ)

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿರುವ ಜರ್ಮನ್, ಜಪಾನಿ, ಕೊರಿಯನ್ ಕಾರು ಕಾರ್ಖಾನೆಗಳ ವಿಚಾರ ಕೆದಕುತ್ತಿದ್ದೇನೆ. ಅಂಕಿ ನೋಡಿದರೆ ತಲೆಬುಡ ಹತ್ತುತ್ತಿಲ್ಲ. ಟೆನೆಸ್ಸಿಯ ಚಟ್ಟನೂಗದ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ ವಾಹನ ಕಾರ್ಮಿಕರ ಯೂನಿಯನ್ ಯುಎಡಬ್ಲ್ಯು 2014ರಲ್ಲಿ 712-626ರಿಂದ ಸೋತಿತು, 2019ರಲ್ಲಿ 833-776ರಿಂದ ಮತ್ತೆ ಸೋತಿತು. ಅದೇ ಕಾರ್ಖಾನೆಯಲ್ಲಿ 2024ರ ಏಪ್ರಿಲ್‌ನಲ್ಲಿ 2,628-985ರಿಂದ ಗೆದ್ದಿತು. ಸರಿ, ಗಾಳಿ ತಿರುಗಿತು ಅಂದುಕೊಂಡರೆ, ಒಂದು ತಿಂಗಳೊಳಗೆ ಅಲಬಾಮಾದ ಮರ್ಸಿಡಿಸ್‌ನಲ್ಲಿ 2,642 ಮತ ಬೇಡ ಅಂತ, 2,045 ಬೇಕು ಅಂತ ಬಿತ್ತು.

ಯೂನಿಯನ್ ಕಟ್ಟುವವರನ್ನು ಬೆದರಿಸಬಾರದು, ಕೆಲಸದಿಂದ ತೆಗೆಯಬಾರದು ಅಂತ 1935ರಿಂದಲೇ ಕಾನೂನಿದೆ. ಹಾಗಿದ್ದ ಮೇಲೆ ಮ್ಯಾನೇಜ್‌ಮೆಂಟ್ ದಿನನಿತ್ಯ ನಿಜಕ್ಕೂ ಮಾಡುವುದೇನು? "ಹೆದರಿಸುತ್ತಾರೆ" ಅನ್ನುವ ಒಂದು ಸಾಲಿನ ಉತ್ತರ ಬೇಡ. ಯಾರು, ಯಾವಾಗ, ಏನು ಹೇಳುತ್ತಾರೆ, ಕಾನೂನಿನ ಗೆರೆ ಎಲ್ಲಿದೆ, ಅದು ಬೇಕು.

ಎರಡನೇಶಿಫ್ಟ್

ಮತದಾನಕ್ಕೆ ಮುಂಚಿನ ನಾಲ್ಕು ವಾರ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಮುಕ್ಕಾಲು ಕೆಲಸ ಅದಕ್ಕೆ ವರ್ಷಗಳ ಮೊದಲೇ ಆಗಿರುತ್ತದೆ, ಯೂನಿಯನ್ ಅನ್ನುವ ಮಾತು ಯಾರ ಬಾಯಲ್ಲೂ ಇಲ್ಲದಾಗ. ನಾನು ಆ ಭಾಗ ಮಾತ್ರ ಬರೆಯುತ್ತೇನೆ.

ಮೊದಲು ಲೆಕ್ಕ. ಯೂನಿಯನ್ ಬೇಕೋ ಬೇಡವೋ ಅನ್ನುವ ಚುನಾವಣೆ ನಡೆಸುವುದು ಸರ್ಕಾರದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ; ಅದನ್ನು ಕೇಳಬೇಕಾದರೆ ಶೇ. 30ರಷ್ಟು ಕಾರ್ಮಿಕರು "ಯೂನಿಯನ್ ಬೇಕು" ಅಂತ ಸಹಿ ಹಾಕಿದ ಕಾರ್ಡ್ ಸಾಕು. ಆದರೆ ಅನುಭವಿ ಸಂಘಟಕರು ಶೇ. 60-70 ಸಹಿ ಸೇರುವ ತನಕ ಅರ್ಜಿ ಹಾಕುವುದಿಲ್ಲ, ಯಾಕೆಂದರೆ ಪ್ರಚಾರ ಶುರುವಾದ ಮೇಲೆ ಬೆಂಬಲ ಕರಗುತ್ತದೆ. ಗೆಲ್ಲಲು ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಬೇಕು. ಒಟ್ಟು ಕಾರ್ಮಿಕರ ಅರ್ಧವಲ್ಲ. ಹಾಗಾಗಿ ಕಂಪನಿಯ ಮೊದಲ ಗುರಿ ಚುನಾವಣೆ ಗೆಲ್ಲುವುದಲ್ಲ, ಆ ಸಹಿಗಳೇ ಕೂಡದಂತೆ ನೋಡಿಕೊಳ್ಳುವುದು.

ಜಾಗದ ಆಯ್ಕೆಯಿಂದಲೇ ಅದು ಶುರು. 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆಯ ಪ್ರಕಾರ, ಯೂನಿಯನ್ ಚಂದಾ ಕಡ್ಡಾಯ ಮಾಡುವ ಒಪ್ಪಂದವನ್ನು ರಾಜ್ಯಗಳು ನಿಷೇಧಿಸಬಹುದು. ದಕ್ಷಿಣದ ರಾಜ್ಯಗಳೆಲ್ಲ ನಿಷೇಧಿಸಿವೆ. ಅಲ್ಲಿ ಯೂನಿಯನ್ ಗೆದ್ದರೂ ಚಂದಾ ಕೊಡದ ಸದಸ್ಯೇತರರ ಪರವಾಗಿಯೂ ಅದೇ ದುಡಿಯಬೇಕು. ಜತೆಗೆ ಕಾರ್ಖಾನೆಯನ್ನು ಪಟ್ಟಣದ ಹೊರಗೆ, ಹೆದ್ದಾರಿ ಪಕ್ಕ ಕಟ್ಟುತ್ತಾರೆ. ಕಾರ್ಮಿಕರು ಹತ್ತಾರು ಊರುಗಳಿಂದ ಕಾರಿನಲ್ಲಿ ಬಂದು ಹೋಗುತ್ತಾರೆ. ಶಿಫ್ಟ್ ಮುಗಿದ ಮೇಲೆ ಒಟ್ಟಿಗೆ ಸೇರುವ ಬೀದಿಯಾಗಲಿ ಅಂಗಡಿಯಾಗಲಿ ಇರುವುದಿಲ್ಲ. ಜಾಗ ಅಗ್ಗ ಅನ್ನುವುದೂ ನಿಜವೇ, ಆದರೆ ಅದೊಂದೇ ಕಾರಣ ಅಲ್ಲ.

ಎರಡನೆಯದು ಏಜೆನ್ಸಿ ಕಾರ್ಮಿಕರು. ಅದೇ ಲೈನ್, ಅದೇ ಸ್ಟೇಷನ್, ಆದರೆ ಸಂಬಳದ ಚೀಟಿ ಕೊಡುವುದು ಬೇರೆ ಸಂಸ್ಥೆ. ಮಿಸಿಸಿಪ್ಪಿಯ ಕ್ಯಾಂಟನ್‌ನಲ್ಲಿ 2017ರ ಆಗಸ್ಟ್‌ನಲ್ಲಿ ನಿಸಾನ್ ಕಾರ್ಖಾನೆಯ ಮತದಾನ ನಡೆದಾಗ ಏಜೆನ್ಸಿಯವರಿಗೆ ಮತವೇ ಇರಲಿಲ್ಲ. ಯೂನಿಯನ್ 2,244-1,307ರಿಂದ ಸೋತಿತು. ಇದರಿಂದ ಕಂಪನಿಗೆ ಎರಡು ಲಾಭ. ಏಜೆನ್ಸಿಯವನು ಕಾಯಂ ಆಗುವ ಆಸೆಯಲ್ಲಿ ಬಾಯಿ ಬಿಡುವುದಿಲ್ಲ. ಕಾಯಂ ಆದವನು ಪಕ್ಕದವನ ಸ್ಥಿತಿ ನೋಡಿ, ಮಾರುಕಟ್ಟೆ ಬಿದ್ದರೆ ಮೊದಲು ಹೋಗುವವರು ಅವರು, ನಾನಲ್ಲ ಅಂದುಕೊಳ್ಳುತ್ತಾನೆ.

ಮೂರನೆಯದು ಸಂಬಳ. ಇದು ಬಹಳ ಸರಳ: ಡೆಟ್ರಾಯಿಟ್‌ನ ಮೂರು ಕಂಪನಿಗಳ (ಜಿಎಂ, ಫೋರ್ಡ್, ಸ್ಟೆಲ್ಲಾಂಟಿಸ್) ಯೂನಿಯನ್ ಸಂಬಳಕ್ಕಿಂತ ಸ್ವಲ್ಪ ಕೆಳಗೆ, ಸ್ಥಳೀಯ ಕೂಲಿಗಿಂತ ಬಹಳ ಮೇಲೆ ಇಡುವುದು. 2023ರ ಶರತ್ಕಾಲದ ಮುಷ್ಕರದ ನಂತರ ಯುಎಡಬ್ಲ್ಯುಗೆ 2028ರ ಏಪ್ರಿಲ್‌ವರೆಗಿನ ಒಪ್ಪಂದದಲ್ಲಿ ಶೇ. 25 ಏರಿಕೆ ಸಿಕ್ಕಿತು, ಗರಿಷ್ಠ ಸಂಬಳ ತಲುಪುವ ಅವಧಿ 8 ವರ್ಷದಿಂದ 3 ವರ್ಷಕ್ಕೆ ಇಳಿಯಿತು. ಮರುವಾರಗಳಲ್ಲೇ ಯೂನಿಯನ್ ಇಲ್ಲದವರೂ ಕೈ ಬಿಚ್ಚಿದರು. ಹೋಂಡಾ ಶೇ. 11 ಕೊಟ್ಟಿತು, ಹ್ಯುಂಡೈ 2028ರೊಳಗೆ ಶೇ. 25 ಅಂದಿತು, ಟೊಯೊಟಾ ಕೂಡ ಏರಿಸಿತು. ಯೂನಿಯನ್ ಇಲ್ಲದೆಯೇ ಯೂನಿಯನ್ ಸಂಬಳ ಸಿಗುತ್ತಿದೆ, ಚಂದಾ ಯಾಕೆ ಕೊಡಬೇಕು ಅನ್ನುವ ಪ್ರಶ್ನೆ ತಾನಾಗಿ ಹುಟ್ಟುತ್ತದೆ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗಮನಿಸಬೇಕಾದ್ದು ಹೊತ್ತು. ಯಾವ ಅರ್ಜಿಯೂ ಇಲ್ಲದಿದ್ದಾಗ ಕೊಟ್ಟರೆ ಉದಾರತೆ, ಅರ್ಜಿ ಬಿದ್ದ ಮೇಲೆ ಕೊಟ್ಟರೆ ಆಮಿಷ. ಈ ಗೆರೆಯನ್ನು ಸುಪ್ರೀಂ ಕೋರ್ಟ್ 1964ರ ಎಕ್ಸ್‌ಚೇಂಜ್ ಪಾರ್ಟ್ಸ್ ಪ್ರಕರಣದಲ್ಲಿ ಎಳೆದಿದೆ.

ನಾಲ್ಕನೆಯದು ಅಹವಾಲಿನ ದಾರಿ. ಮ್ಯಾನೇಜರ್ ಬಾಗಿಲು ಸದಾ ತೆರೆದಿದೆ, ಸಹೋದ್ಯೋಗಿಗಳ ಮಂಡಳಿ ಶಿಕ್ಷೆಯನ್ನು ಮರುಪರಿಶೀಲಿಸುತ್ತದೆ, ತಿಂಗಳಿಗೊಮ್ಮೆ ಲೈನ್ ಸಭೆ, ಹೀಗೆ. ಇಲ್ಲಿ ಒಂದು ಕಾನೂನಿನ ಗುಂಡಿ ಇದೆ. ಸಂಬಳ, ಪಾಳಿ, ರಜೆ ಬಗ್ಗೆ ಮ್ಯಾನೇಜ್‌ಮೆಂಟ್ ಜತೆ ಕೊಡುಕೊಳ್ಳುವ ಸಮಿತಿಯನ್ನು ಕಂಪನಿಯೇ ಕಟ್ಟಿ ನಡೆಸಿದರೆ ಅದು ಕಂಪನಿ ಸಾಕಿದ ಯೂನಿಯನ್ ಆಗುತ್ತದೆ, ನಿಷಿದ್ಧ. 1992ರ ಎಲೆಕ್ಟ್ರೊಮೇಷನ್ ತೀರ್ಪು ಇದನ್ನೇ ಹೇಳಿತು. ಜರ್ಮನಿಯ ಮಾದರಿಯ ವರ್ಕ್ಸ್ ಕೌನ್ಸಿಲ್ (ಕಾರ್ಮಿಕರು ಆರಿಸಿದವರು ಮ್ಯಾನೇಜ್‌ಮೆಂಟ್ ಜತೆ ಕೂರುವ ಸಮಿತಿ) ಚಟ್ಟನೂಗದಲ್ಲಿ ಬೇಕಿದ್ದರೆ ಮೊದಲು ಯೂನಿಯನ್ ಬೇಕು ಅನ್ನುವ ವಾದ ಬಂದದ್ದೂ ಇಲ್ಲಿಂದಲೇ. 2014ರಲ್ಲಿ ಫೋಕ್ಸ್‌ವ್ಯಾಗನ್ ಅಡ್ಡಗಾಲು ಹಾಕದಿದ್ದುದಕ್ಕೆ ಅದೂ ಒಂದು ಕಾರಣ.

ಕೊನೆಯದಾಗಿ ವಾಸನೆ ಹಿಡಿಯುವ ವ್ಯವಸ್ಥೆ. ಸೂಪರ್‌ವೈಸರ್‌ಗಳಿಗೆ ವರ್ಷವರ್ಷ ತರಬೇತಿ: ಊಟದ ಮೇಜಿನ ಗುಂಪು ಬದಲಾಗಿದೆಯೇ, ನೀವು ಹತ್ತಿರ ಹೋದ ಕೂಡಲೇ ಮಾತು ನಿಲ್ಲುತ್ತದೆಯೇ, ಯಾವತ್ತೂ ಕೇಳದವನು "ಸೀನಿಯಾರಿಟಿ", "ಗ್ರೀವೆನ್ಸ್" ಅನ್ನುವ ಮಾತು ಆಡುತ್ತಿದ್ದಾನೆಯೇ, ಪಾರ್ಕಿಂಗ್ ಜಾಗದಲ್ಲಿ ಅಪರಿಚಿತರಿದ್ದಾರೆಯೇ. ಇದರ ಜತೆಗೆ ವಾರ್ಷಿಕ ಅಭಿಪ್ರಾಯ ಸಮೀಕ್ಷೆ. ಹೆಸರು ಕೇಳುವುದಿಲ್ಲ, ಆದರೆ ಇಲಾಖೆ, ಶಿಫ್ಟ್ ಕೇಳುತ್ತಾರೆ. ಪೇಂಟ್ ಶಾಪ್‌ನ ರಾತ್ರಿ ಪಾಳಿಯ ಅಂಕ ಕುಸಿದರೆ ಅಲ್ಲಿನ ಸೂಪರ್‌ವೈಸರ್ ಬದಲಾಗುತ್ತಾನೆ, ಕೆಟ್ಟ ಫ್ಯಾನ್ ರಿಪೇರಿ ಆಗುತ್ತದೆ. ಸಂಘಟಕನಿಗೆ ಬೇಕಾದ ಸಿಟ್ಟು ಅಲ್ಲಿಗೇ ಆರಿಹೋಗುತ್ತದೆ.

ಕಲಂಎಂಟು

ಮೇಲಿನದಕ್ಕೆ ತಕರಾರಿಲ್ಲ. ಅರ್ಜಿ ಬಿದ್ದ ಮೇಲೆ ಮಾತಿನ ಗೆರೆ ಎಲ್ಲಿದೆ ಅನ್ನುವುದನ್ನು ಸೇರಿಸುತ್ತೇನೆ.

ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆಯ 8ನೇ ಕಲಮಿನ ಎ(1) ಭಾಗ ಬೆದರಿಕೆ, ಬಲವಂತ ಬೇಡ ಅನ್ನುತ್ತದೆ. 1947ರಲ್ಲಿ ಅದಕ್ಕೆ ಸೇರಿಸಿದ ಸಿ ಭಾಗವು, ಬೆದರಿಕೆಯೂ ಆಮಿಷವೂ ಇಲ್ಲದ ಅಭಿಪ್ರಾಯವನ್ನು ಮಾಲೀಕ ಹೇಳಬಹುದು ಅನ್ನುತ್ತದೆ. ಯೂನಿಯನ್ ತಡೆಯುವ ಇಡೀ ಉದ್ಯಮ ನಿಂತಿರುವುದು ಈ ಎರಡರ ನಡುವಿನ ಸಂದಿನಲ್ಲಿ. ಸೂಪರ್‌ವೈಸರ್‌ಗಳಿಗೆ ವಕೀಲರು ಉರು ಹೊಡೆಸುವುದು ನಾಲ್ಕು ನಿಷೇಧ: ಬೆದರಿಸಬೇಡ, ವಿಚಾರಿಸಬೇಡ, ಭರವಸೆ ಕೊಡಬೇಡ, ಬೇಹುಗಾರಿಕೆ ಮಾಡಬೇಡ. ಮಾಡಬಹುದಾದ್ದು ಮೂರು: ವಾಸ್ತವ ಹೇಳು, ನಿನ್ನ ಅಭಿಪ್ರಾಯ ಹೇಳು, ಉದಾಹರಣೆ ಕೊಡು.

ವಾಕ್ಯದ ಮಟ್ಟದಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

"ಯೂನಿಯನ್ ಬಂದರೆ ಕಾರ್ಖಾನೆ ಮುಚ್ಚುತ್ತೇವೆ": ಕಾನೂನುಬಾಹಿರ. "ಯೂನಿಯನ್ ಇದ್ದ ಇಂತಿಂಥ ಕಾರ್ಖಾನೆಗಳು ಇಂತಿಂಥ ವರ್ಷ ಮುಚ್ಚಿದವು" ಅಂತ ಪಟ್ಟಿ ತೋರಿಸುವುದು: ಸಾಮಾನ್ಯವಾಗಿ ದಾಟಿಹೋಗುತ್ತದೆ. 1969ರ ಗಿಸೆಲ್ ತೀರ್ಪಿನ ಪ್ರಕಾರ ಭವಿಷ್ಯ ನುಡಿಯಬಹುದು, ಆದರೆ ಅದಕ್ಕೆ ವಸ್ತುನಿಷ್ಠ ಆಧಾರ ಬೇಕು, ಪರಿಣಾಮವು ಮಾಲೀಕನ ಕೈಮೀರಿದ್ದಾಗಿರಬೇಕು.

"ಮುಷ್ಕರ ಮಾಡಿದರೆ ಕೆಲಸ ಹೋಗುತ್ತದೆ": ತಪ್ಪು. "ಸಂಬಳಕ್ಕಾಗಿ ಮುಷ್ಕರ ಹೂಡಿದವರ ಜಾಗಕ್ಕೆ ಕಾಯಂ ಬದಲಿಯವರನ್ನು ತೆಗೆದುಕೊಳ್ಳಬಹುದು": ಸರಿ, 1938ರ ಮ್ಯಾಕೆ ರೇಡಿಯೊ ತೀರ್ಪಿನಿಂದ ಇದಕ್ಕೆ ಅವಕಾಶವಿದೆ. ಜಾಗ ಖಾಲಿಯಾದಾಗ ಮುಷ್ಕರ ಮಾಡಿದವರನ್ನೇ ಮೊದಲು ಕರೆಯಬೇಕು ಅನ್ನುವ ಹಕ್ಕೂ ಇದೆ, ಕಂಪನಿಯ ನಿಯಮಬಾಹಿರ ನಡೆಯ ವಿರುದ್ಧ ಮುಷ್ಕರವಾದರೆ ಕಾಯಂ ಬದಲಿ ಇಡುವಂತೆಯೇ ಇಲ್ಲ. ಈ ಎರಡನ್ನು ಮಾತ್ರ ಯಾವ ಸ್ಲೈಡಿನಲ್ಲೂ ಹಾಕುವುದಿಲ್ಲ.

"ಮಾತುಕತೆ ಸೊನ್ನೆಯಿಂದ ಶುರು": ಇದು ತೂಗುಯ್ಯಾಲೆ. ಕೊಟ್ಟು ತೆಗೆದುಕೊಳ್ಳುವ ಪ್ರಕ್ರಿಯೆಯಲ್ಲಿ ಈಗಿರುವುದಕ್ಕಿಂತ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು ಅಂದರೆ ಸರಿ. ಮೊದಲು ಎಲ್ಲ ಕಿತ್ತುಕೊಂಡು ಆಮೇಲೆ ಕೂರುತ್ತೇವೆ ಅನ್ನುವ ಅರ್ಥ ಬಂದರೆ ತಪ್ಪು. ಸೂಪರ್‌ವೈಸರ್‌ಗಳು ಜಾರುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ನವಿರಾದದ್ದು. ವರ್ಷವರ್ಷ ಕೊಡುತ್ತಿದ್ದ ಏರಿಕೆಯನ್ನು ಅರ್ಜಿ ಬಿದ್ದಿದೆ ಅಂತ ನಿಲ್ಲಿಸುವಂತಿಲ್ಲ, ಹೊಸದನ್ನು ಕೊಡುವಂತೆಯೂ ಇಲ್ಲ. ಯೂನಿಯನ್ ಇಲ್ಲದಿದ್ದರೆ ಏನಾಗುತ್ತಿತ್ತೋ ಅದೇ ಆಗಬೇಕು. ನಿಲ್ಲಿಸಿ, "ನಾವು ಕೊಡುವವರಿದ್ದೆವು, ಯೂನಿಯನ್‌ನಿಂದಾಗಿ ಕೈ ಕಟ್ಟಿದೆ" ಅಂದರೆ ಅದೂ ಉಲ್ಲಂಘನೆ.

ಕಡ್ಡಾಯ ಸಭೆಗಳ ವಿಚಾರ. ಸಂಬಳದ ಹೊತ್ತಿನಲ್ಲಿ ಲೈನ್ ನಿಲ್ಲಿಸಿ, ಎಲ್ಲರನ್ನೂ ಕೂರಿಸಿ ಯೂನಿಯನ್ ವಿರುದ್ಧ ಭಾಷಣ ಮಾಡುವುದು 1948ರ ಬ್ಯಾಬ್‌ಕಾಕ್ ತೀರ್ಪಿನಿಂದ ಸಿಂಧುವಾಗಿತ್ತು. 2024ರ ನವೆಂಬರ್‌ನಲ್ಲಿ ಅಮೆಜಾನ್ ಪ್ರಕರಣದಲ್ಲಿ ಕಾರ್ಮಿಕ ಸಂಬಂಧ ಮಂಡಳಿ ಅದನ್ನು ತಿರುಗಿಸಿತು. ಮಂಡಳಿಯ ಸದಸ್ಯರನ್ನು ಅಧ್ಯಕ್ಷರು ನೇಮಿಸುವುದರಿಂದ ಸರ್ಕಾರ ಬದಲಾದರೆ ತೀರ್ಪುಗಳೂ ಮಗುಚುತ್ತವೆ. ಯಾವ ತೀರ್ಪು ಓದಿದರೂ ಅದರ ವರ್ಷ, ಆಗಿನ ಮಂಡಳಿ ಯಾರದ್ದು ಎರಡನ್ನೂ ನೋಡಿ. ನೀವು ಕೇಳಿದ ನಾಲ್ಕೂ ಮತದಾನಗಳು ನಡೆದದ್ದು ಹಳೆಯ ನಿಯಮದಡಿ. ಕನೆಕ್ಟಿಕಟ್ 2022ರಲ್ಲಿ, ಮಿನೆಸೋಟ ಮತ್ತು ನ್ಯೂಯಾರ್ಕ್ 2023ರಲ್ಲಿ ರಾಜ್ಯ ಮಟ್ಟದಲ್ಲೇ ಇಂಥ ಸಭೆಗಳಿಗೆ ತಡೆ ತಂದವು. ಕಾರು ಕಾರ್ಖಾನೆಗಳಿರುವ ದಕ್ಷಿಣದಲ್ಲಿ ಅಂಥದ್ದಿಲ್ಲ.

ಹಾಜರಿಪುಸ್ತಕ

ಇಬ್ಬರಿಗೂ ಧನ್ಯವಾದ. ಆ ನಾಲ್ಕು ವಾರದಲ್ಲಿ ಏನೇನು ನಡೆಯುತ್ತದೆ ಅಂತ ಕ್ರಮವಾಗಿ ಯಾರಾದರೂ ಹೇಳುತ್ತೀರಾ? ಮತ್ತೆ, ಸೂಪರ್‌ವೈಸರ್ ತಾನೂ ಅದೇ ಊರಿನವನು, ಅವನಿಗೇನು ಪಟ್ಟು? ಒಲ್ಲೆ ಅನ್ನಬಹುದಲ್ಲ?

ಟಾರ್ಕ್‌ರೆಂಚ್

ಒಲ್ಲೆ ಅನ್ನಲಾಗದು. ಟಾಫ್ಟ್-ಹಾರ್ಟ್ಲಿ ಸೂಪರ್‌ವೈಸರ್‌ಗಳನ್ನು ಕಾಯ್ದೆಯ ರಕ್ಷಣೆಯಿಂದಲೇ ಹೊರಗಿಟ್ಟಿದೆ. ಯೂನಿಯನ್ ವಿರುದ್ಧ ಮಾತಾಡು ಅಂದಾಗ ಒಪ್ಪದ ಸೂಪರ್‌ವೈಸರ್‌ನನ್ನು ತೆಗೆದುಹಾಕಬಹುದು, ಅದಕ್ಕೆ ಕಾಯ್ದೆಯಲ್ಲಿ ಪರಿಹಾರವಿಲ್ಲ. ಹಾಗಾಗಿ ಪ್ರಚಾರದ ಬೆನ್ನೆಲುಬು ಅವನೇ. ನೆತ್ತಿಯ ಮೇಲಿನ ಮ್ಯಾನೇಜರ್ ಹೇಳಿದರೆ ಭಾಷಣ, ರಜೆ ಮಂಜೂರು ಮಾಡುವವನು ಹೇಳಿದರೆ ಸಂದೇಶ.

ಸಮಯ ಎಷ್ಟು ಬಿಗಿ ಅಂತ ನೋಡಿ: ಚಟ್ಟನೂಗದಲ್ಲಿ 2024ರ ಮಾರ್ಚ್ 18ಕ್ಕೆ ಅರ್ಜಿ, ಏಪ್ರಿಲ್ 17ರಿಂದ 19 ಮತದಾನ. ಮರ್ಸಿಡಿಸ್‌ನಲ್ಲಿ ಏಪ್ರಿಲ್ 5ಕ್ಕೆ ಅರ್ಜಿ, ಮೇ 13ರಿಂದ 17 ಮತದಾನ. ನಾಲ್ಕೈದು ವಾರ.

ಮೊದಲ ಎರಡು ದಿನ, ಯೂನಿಯನ್ ತಡೆಯಲು ಕಂಪನಿ ದುಡ್ಡು ಕೊಟ್ಟು ಕರೆಸಿದ ಸಲಹೆಗಾರರು ಬಂದು ಸೂಪರ್‌ವೈಸರ್‌ಗಳನ್ನು ಕೂರಿಸಿಕೊಳ್ಳುತ್ತಾರೆ. ಪ್ರತಿಯೊಬ್ಬ ತನ್ನ ಕೈಕೆಳಗಿನವರ ಪಟ್ಟಿಗೆ 1ರಿಂದ 5 ಅಂಕ ಹಾಕಬೇಕು. 1 ಅಂದರೆ ಕಂಪನಿ ಪರ ಗಟ್ಟಿ, 5 ಅಂದರೆ ಸಂಘಟಕ. ಕೇಳಿ ತಿಳಿದುಕೊಳ್ಳುವಂತಿಲ್ಲ (ಅದು ವಿಚಾರಣೆ), ಊಹಿಸಬೇಕು. ಹಾಗಾಗಿಯೇ ಅವನು "ಏನಪ್ಪಾ, ಇದರ ಬಗ್ಗೆ ಏನನ್ನಿಸುತ್ತೆ" ಅಂತ ಕೇಳದೆ, ತನ್ನ ಅನಿಸಿಕೆ ಹೇಳಿ ಸುಮ್ಮನೆ ಮುಖ ನೋಡುತ್ತಾನೆ. ಎದುರಿನವನು ತಲೆಯಾಡಿಸಿದನೋ, ನೆಲ ನೋಡಿದನೋ, ವಾದಿಸಿದನೋ, ಅಷ್ಟು ಸಾಕು. ದಿನದ ಕೊನೆಗೆ ಅಂಕ ತಿದ್ದುತ್ತಾನೆ.

1 ಮತ್ತು 5ರವರ ಮೇಲೆ ಯಾರೂ ಸಮಯ ಹಾಳು ಮಾಡುವುದಿಲ್ಲ. 3ರವರೇ ಗುರಿ. ಪ್ರತಿಯೊಬ್ಬರ ಜತೆ ಹತ್ತು ಹದಿನೈದು ನಿಮಿಷದ ಒಬ್ಬೊಬ್ಬರ ಮಾತು, ವಾರಕ್ಕೊಂದೆರಡು ಸಲ.

ವಾರದ ವಿಷಯ ಮೊದಲೇ ನಿಗದಿ. ಮೊದಲ ವಾರ "ಕಾರ್ಡಿನ ಸಹಿ ಅಂದರೇನು ಗೊತ್ತಾ" ಮತ್ತು ಚಂದಾ. ಯುಎಡಬ್ಲ್ಯು ಚಂದಾ ತಿಂಗಳಿಗೆ ಎರಡೂವರೆ ಗಂಟೆಯ ಸಂಬಳ. ಗಂಟೆಗೆ 30 ಡಾಲರ್ ಇದ್ದರೆ ತಿಂಗಳಿಗೆ 75, ವರ್ಷಕ್ಕೆ 900. ಅವರು ತೋರಿಸುವುದು ವರ್ಷದ ಮೊತ್ತವನ್ನೇ. ಕೆಲವೆಡೆ ಅಷ್ಟು ದುಡ್ಡಿಗೆ ಬರುವ ದಿನಸಿಯನ್ನು ಕ್ಯಾಂಟೀನ್ ಮೇಜಿನ ಮೇಲೆ ರಾಶಿ ಹಾಕಿಡುತ್ತಾರೆ. ಮೊದಲ ಒಪ್ಪಂದ ಅಂಗೀಕಾರವಾಗುವವರೆಗೆ ಚಂದಾ ಇಲ್ಲ, ಈ ರಾಜ್ಯಗಳಲ್ಲಿ ಆಮೇಲೂ ಕಡ್ಡಾಯವಿಲ್ಲ ಅನ್ನುವುದನ್ನು ಹೇಳುವ ಜವಾಬ್ದಾರಿ ಅವರದ್ದಲ್ಲ. ವಾದ ಹುಸಿಯಾದರೂ ನಾಟುತ್ತದೆ, ಯಾಕೆಂದರೆ ಅದೊಂದೇ ಡಾಲರ್ ಲೆಕ್ಕದಲ್ಲಿರುವುದು. ಯೂನಿಯನ್ ಕೊಡುವುದೆಲ್ಲ ಇನ್ನೂ "ಸಿಗಬಹುದು" ಅನ್ನುವ ಸ್ಥಿತಿಯಲ್ಲಿರುತ್ತದೆ.

ಎರಡನೇ ವಾರ ಮುಷ್ಕರ, ಮೂರನೆಯದರಲ್ಲಿ ಮಾತುಕತೆ ಮತ್ತು ಉದ್ಯೋಗ ಭದ್ರತೆ. ನಾಲ್ಕನೆಯದರಲ್ಲಿ ದನಿಯೇ ಬದಲಾಗುತ್ತದೆ: "ತಪ್ಪಾಗಿದೆ, ಕೇಳಿಸಿಕೊಂಡಿದ್ದೇವೆ, ಇನ್ನೊಂದು ಅವಕಾಶ ಕೊಡಿ." ಇದಕ್ಕೆ ಮುಖವೂ ಹೊಸದಿದ್ದರೆ ಒಳ್ಳೆಯದು. ಮರ್ಸಿಡಿಸ್ ಮತದಾನಕ್ಕೆ ಸುಮಾರು ಎರಡು ವಾರ ಇರುವಾಗ ಅಲ್ಲಿನ ಅಮೆರಿಕ ಘಟಕದ ಮುಖ್ಯಸ್ಥರನ್ನೇ ಬದಲಿಸಿತು. ಯಾವ ಭರವಸೆಯನ್ನೂ ಕೊಡದೆ ಭರವಸೆ ಹುಟ್ಟಿಸುವ ಉಪಾಯ ಇದು. ಸಿಟ್ಟಿದ್ದುದು ಹಳೆಯ ಬಾಸ್ ಮೇಲೆ, ಅವನೇ ಹೋದ, ಮತ್ತೆ ಯೂನಿಯನ್ ಯಾಕೆ? ಎರಡು ದರ್ಜೆಯ ಸಂಬಳ ಪದ್ಧತಿಯನ್ನು ಅರ್ಜಿ ಬೀಳುವ ಮೊದಲೇ ಕೈಬಿಟ್ಟಿದ್ದರು, ಅದೂ ಲೆಕ್ಕಕ್ಕೆ ಬಂತು. ಪಕ್ಕದ ರಾಜ್ಯದ ಗೆಲುವಿನ ಬಿಸಿ ಆರುವ ಮುನ್ನವೇ ಇಲ್ಲಿ ಸೋಲು ಬಂದದ್ದಕ್ಕೆ ನನ್ನ ಮಟ್ಟಿಗೆ ದೊಡ್ಡ ಕಾರಣ ಈ ಕೊನೆಯ ಎರಡು ವಾರ.

ಕೊನೆಯ 24 ಗಂಟೆಯಲ್ಲಿ ಕಂಪನಿಯ ಸಮಯದಲ್ಲಿ ಗುಂಪು ಭಾಷಣ ನಿಷಿದ್ಧ (1953ರ ಪೀರ್‌ಲೆಸ್ ಪ್ಲೈವುಡ್). ಆಗ ಸೂಪರ್‌ವೈಸರ್‌ಗಳು ಲೈನ್ ಉದ್ದಕ್ಕೂ ಓಡಾಡುತ್ತಾರೆ. ಒಬ್ಬೊಬ್ಬರ ಜತೆಗಿನ ಮಾತಿಗೆ ಆ ನಿಷೇಧವಿಲ್ಲ.

ಇನ್ನೊಂದು ಅಸಮತೋಲ. ಕಾರ್ಮಿಕರ ಹೆಸರು, ಮನೆ ವಿಳಾಸ, ಫೋನ್, ಇಮೇಲ್ ಪಟ್ಟಿ ಯೂನಿಯನ್ ಕೈಗೆ ಸಿಗುವುದು ಚುನಾವಣೆ ಖಚಿತವಾದ ಮೇಲೆ ಎರಡು ಕೆಲಸದ ದಿನದಲ್ಲಿ. ಕಂಪನಿ ಬಳಿ ಅದು ನೇಮಕದ ದಿನದಿಂದ ಇದೆ. ಹೊರಗಿನ ಸಂಘಟಕನನ್ನು ಗೇಟಿನ ಒಳಗೆ ಬಿಡಬೇಕಿಲ್ಲ ಅಂತ 1992ರ ಲೆಚ್‌ಮಿಯರ್ ತೀರ್ಪು ಹೇಳಿದೆ. ಆದ್ದರಿಂದ ಒಳಗಿನ ಕಾರ್ಮಿಕರೇ ಬಿಡುವಿನ ಹೊತ್ತಿನಲ್ಲಿ ಮಾತಾಡಬೇಕು, ಕರಪತ್ರವನ್ನು ಕೆಲಸದ ಜಾಗದಲ್ಲಿ ಹಂಚದೆ ಕ್ಯಾಂಟೀನ್‌ನಲ್ಲೋ ಪಾರ್ಕಿಂಗ್‌ನಲ್ಲೋ ಹಂಚಬೇಕು.

ಮತಪೆಟ್ಟಿಗೆ

ಟಾರ್ಕ್‌ರೆಂಚ್ ಅವರೇ, ಬಾಸ್ ಬದಲಾದದ್ದೊಂದಕ್ಕೇ ಮರ್ಸಿಡಿಸ್ ಸೋಲನ್ನು ಕಟ್ಟುವುದು ಅತಿಯಾಯಿತು. ಚಟ್ಟನೂಗ ಮೂರನೇ ಸಲದ ಹೋರಾಟ, ಅಲ್ಲಿ ಹತ್ತು ವರ್ಷದ ತಳಪಾಯವಿತ್ತು, ಕಂಪನಿ ತಾನು ತಟಸ್ಥ ಅಂತ ಹೇಳಿಕೊಂಡಿತ್ತು. ಮರ್ಸಿಡಿಸ್ ಸಭೆ, ವಿಡಿಯೊ, ಫೋನ್ ಸಂದೇಶ ಎಲ್ಲ ಬಳಸಿತು. ಅದರ ವಿರುದ್ಧ ಯುಎಡಬ್ಲ್ಯು ಜರ್ಮನಿಯ ಪೂರೈಕೆ ಸರಪಳಿ ಕಾನೂನಿನಡಿ ಅಲ್ಲಿಯೂ ದೂರು ಕೊಟ್ಟಿತ್ತು.

ಇಬ್ಬರೂ ಬಿಟ್ಟ ದೊಡ್ಡ ಪಾತ್ರಧಾರಿ ರಾಜಕಾರಣಿ. ಕಂಪನಿ ಹೇಳುವಂತಿಲ್ಲದ್ದನ್ನು ಅವರು ಹೇಳಬಹುದು, ಯಾಕೆಂದರೆ ಅವರು ಕಂಪನಿಯ ಪ್ರತಿನಿಧಿಯಲ್ಲ. 2014ರಲ್ಲಿ ಚಟ್ಟನೂಗ ಮತದಾನದ ನಡುವೆಯೇ ಟೆನೆಸ್ಸಿಯ ಸೆನೆಟರ್ ಬಾಬ್ ಕಾರ್ಕರ್, ಯೂನಿಯನ್ ಬೇಡವೆಂದರೆ ಹೊಸ ಎಸ್‌ಯುವಿ ಇಲ್ಲೇ ತಯಾರಾಗುತ್ತದೆ ಎಂಬ ಭರವಸೆ ತಮಗೆ ಸಿಕ್ಕಿದೆ ಅಂದರು. ಅದೇ ವಾಕ್ಯ ಮ್ಯಾನೇಜರ್ ಬಾಯಲ್ಲಿ ಬಂದಿದ್ದರೆ ನೇರ ಆಮಿಷ. 86 ಮತಗಳ ಅಂತರದ ಚುನಾವಣೆ ಅದು. ಯೂನಿಯನ್ ಆಕ್ಷೇಪಣೆ ಹಾಕಿತು, ಏಪ್ರಿಲ್‌ನಲ್ಲಿ ಹಿಂತೆಗೆದುಕೊಂಡಿತು. 2024ರ ಏಪ್ರಿಲ್ 16ಕ್ಕೆ, ಮತದಾನದ ಹಿಂದಿನ ದಿನ, ಆರು ರಾಜ್ಯಗಳ ರಾಜ್ಯಪಾಲರು ಯೂನಿಯನ್‌ನಿಂದ ಉದ್ಯೋಗಕ್ಕೆ ಕುತ್ತು ಅಂತ ಜಂಟಿ ಪತ್ರ ಬರೆದರು. (ಅಲ್ಲಿ ರಾಜ್ಯಪಾಲರು ಚುನಾಯಿತರು, ಸರ್ಕಾರ ನಡೆಸುವವರು.) ಮಾತಿನಲ್ಲೇ ನಿಲ್ಲಲಿಲ್ಲ: ಕಾರ್ಡ್ ಎಣಿಕೆಯ ಮೇಲೆ ಸ್ವಯಂಪ್ರೇರಿತವಾಗಿ ಯೂನಿಯನ್‌ಗೆ ಮಾನ್ಯತೆ ಕೊಟ್ಟ ಕಂಪನಿಗೆ ರಾಜ್ಯದ ಪ್ರೋತ್ಸಾಹಧನ ಇಲ್ಲ ಅಂತ ಟೆನೆಸ್ಸಿ, ಜಾರ್ಜಿಯ, ಅಲಬಾಮಾ ಕಾನೂನು ಮಾಡಿವೆ. ಕಂಪನಿಗೆ ಮನಸ್ಸಿದ್ದರೂ ಆ ದಾರಿ ದುಬಾರಿ.

ಎರಡನೆಯದು, ಯಾರು ಮತದಾರರು ಅನ್ನುವ ಜಗಳ. 2015ರ ಡಿಸೆಂಬರ್‌ನಲ್ಲಿ ಚಟ್ಟನೂಗದ ಯಂತ್ರ ದುರಸ್ತಿ ವಿಭಾಗದ ಸುಮಾರು 160 ಮಂದಿ ಮಾತ್ರ ಪ್ರತ್ಯೇಕವಾಗಿ ಮತ ಹಾಕಿ 108-44ರಿಂದ ಯೂನಿಯನ್ ಗೆಲ್ಲಿಸಿದರು. ಇಡೀ ಕಾರ್ಖಾನೆಯದ್ದೇ ಒಂದು ಘಟಕವಾಗಬೇಕು ಅಂತ ಕಂಪನಿ ಮಾತುಕತೆಗೆ ಕೂರಲು ಒಪ್ಪದೆ ಕೋರ್ಟ್‌ಗೆ ಹೋಯಿತು. ವರ್ಷಗಟ್ಟಲೆ ಎಳೆಯಿತು. 2019ರಲ್ಲಿ ಯೂನಿಯನ್ ಇಡೀ ಕಾರ್ಖಾನೆಗೆ ಅರ್ಜಿ ಹಾಕಿದಾಗ, ಆ ಚಿಕ್ಕ ಘಟಕ ಇನ್ನೂ ಇದೆಯಲ್ಲ ಅನ್ನುವ ತಕರಾರು ಎದ್ದಿತು. ಯೂನಿಯನ್ ಅದನ್ನು ಕೈಬಿಡಬೇಕಾಯಿತು, ಮೊದಲ ಅರ್ಜಿಯೂ ಬಿದ್ದುಹೋಗಿ ಹೊಸದಾಗಿ ಹಾಕಬೇಕಾಯಿತು. ಗೆದ್ದ ಘಟಕ ಹೋಯಿತು, ದೊಡ್ಡದೂ 57 ಮತದಿಂದ ಕೈತಪ್ಪಿತು. ಇದಕ್ಕೆ ಯಾರನ್ನೂ ಬೆದರಿಸಬೇಕಾಗಿರಲಿಲ್ಲ, ಬರೀ ಕಾಗದದ ಕೆಲಸ.

ಕಲಂಎಂಟು

ಅದಕ್ಕೇ ಹೇಳುವುದು, ಅತಿ ಅಗ್ಗದ ಅಸ್ತ್ರ ಕಾಲಹರಣ. ಉಲ್ಲಂಘನೆಗೆ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ. ಸಂಘಟಕನೊಬ್ಬನನ್ನು ಕಾನೂನುಬಾಹಿರವಾಗಿ ತೆಗೆದರೂ ಕಾಯ್ದೆಯಲ್ಲಿ ದಂಡ ಇಲ್ಲ. ಹಿಂಬಾಕಿ ಸಂಬಳ ಕೊಡಬೇಕು, ಆದರೆ ಆ ಅವಧಿಯಲ್ಲಿ ಅವನು ಬೇರೆಡೆ ದುಡಿದದ್ದನ್ನು ಕಳೆದು. ತಿಂಗಳಿಗೆ 4,000 ಡಾಲರ್ ಪಡೆಯುತ್ತಿದ್ದವನು ಬೇರೆ ಕಡೆ 3,200ಕ್ಕೆ ಸೇರಿ, ಎರಡು ವರ್ಷಕ್ಕೆ ತೀರ್ಪು ಬಂತು ಅನ್ನಿ. ವ್ಯತ್ಯಾಸ 800, 24 ತಿಂಗಳಿಗೆ 19,200 ಡಾಲರ್, ಮೇಲೆ ಬಡ್ಡಿ. ಕೆಲಸ ಹೋದದ್ದರಿಂದಾದ ಬೇರೆ ನೇರ ನಷ್ಟವನ್ನೂ ಸೇರಿಸಬೇಕು ಅಂತ ಮಂಡಳಿ 2022ರಲ್ಲಿ ಹೇಳಿತು, ಆದರೂ ಮೊತ್ತದ ಗಾತ್ರ ಬದಲಾಗುವಷ್ಟಲ್ಲ. ಸಾವಿರಾರು ಜನರ ಕಾರ್ಖಾನೆಗೆ ಇದು ಖರ್ಚೇ ಅಲ್ಲ. ಅವನು ವಾಪಸ್ ಬರುವಷ್ಟರಲ್ಲಿ ಸಮಿತಿ ಚದುರಿರುತ್ತದೆ. 2023ರ ಸೆಮೆಕ್ಸ್ ತೀರ್ಪು, ಪ್ರಚಾರದಲ್ಲಿ ಗಂಭೀರ ಉಲ್ಲಂಘನೆಯಾದರೆ ಮತದಾನ ಬಿಟ್ಟು ಮಾತುಕತೆಗೇ ಆದೇಶಿಸಬಹುದು ಅಂದದ್ದು ಈ ಲೆಕ್ಕವನ್ನು ತಿರುಗಿಸಲಿಕ್ಕೇ.

ಗೆದ್ದ ಮೇಲೂ ಇದೇ ಕಥೆ. ಸದ್ಭಾವದಿಂದ ಮಾತುಕತೆ ನಡೆಸಬೇಕು ಅನ್ನುವ ಕಾನೂನು, ಯಾವುದಕ್ಕೂ ಒಪ್ಪಲೇಬೇಕು ಅನ್ನುವುದಿಲ್ಲ. ತಿಂಗಳಿಗೆ ಎರಡು ಸಭೆ, ಪ್ರತಿ ಸಭೆಗೆ ಒಂದು ಕಲಂ ಚರ್ಚೆ. ಗೆಲುವಿಗೆ ಒಂದು ವರ್ಷದ ರಕ್ಷಣೆ ಇದೆ. ಅದು ಮುಗಿಯುವಾಗ ಒಪ್ಪಂದವಾಗಿರದಿದ್ದರೆ ಶೇ. 30 ಸಹಿಯೊಂದಿಗೆ ಯೂನಿಯನ್ ಕಿತ್ತುಹಾಕುವ ಮತದಾನ ಕೇಳಬಹುದು. ವರ್ಷವಾದರೂ ಏನೂ ಸಿಗಲಿಲ್ಲ ಅನ್ನುವ ಬೇಸರ ಆಗ ತಾನಾಗಿ ಇರುತ್ತದೆ.

ದಾಖಲೆ ಇಡುವವರಿಗೆ: ದೂರು ಕೊಡಲು ಘಟನೆಯ ದಿನದಿಂದ ಆರು ತಿಂಗಳು ಮಾತ್ರ. ದಿನಾಂಕ, ಹೊತ್ತು, ಜಾಗ, ಯಾರು ಹೇಳಿದರು, ಯಾರು ಕೇಳಿಸಿಕೊಂಡರು, ಮಾತು ಯಥಾವತ್ತಾಗಿ. "ಬೆದರಿಸಿದ" ಅಂತ ಬರೆದರೆ ಪ್ರಯೋಜನವಿಲ್ಲ. "ಮುಚ್ಚುತ್ತೇವೆ" ಅಂದನೋ "ಮುಚ್ಚಬಹುದು" ಅಂದನೋ ಅನ್ನುವುದರ ಮೇಲೇ ಪ್ರಕರಣ ನಿಲ್ಲುತ್ತದೆ. ಕಂಪನಿಯ ಇಮೇಲ್, ಕಂಪನಿಯ ಫೋನಿನಲ್ಲಿ ಏನನ್ನೂ ಇಡಬಾರದು. ಮತದಾನಕ್ಕೇ ಆಕ್ಷೇಪಣೆ ಇದ್ದರೆ ಎಣಿಕೆಯ ನಂತರ ಐದು ಕೆಲಸದ ದಿನ, ಅಷ್ಟೇ.

ಹಾಜರಿಪುಸ್ತಕ

ಕೊನೆಯದೊಂದು. ಸಲಹೆಗಾರರನ್ನು ಇಟ್ಟುಕೊಂಡಿದ್ದಾರೋ ಇಲ್ಲವೋ ಅಂತ ಹೊರಗಿನವರಿಗೆ ತಿಳಿಯುವ ದಾರಿ ಇದೆಯೇ?

ಎರಡನೇಶಿಫ್ಟ್

ಇದೆ. 1959ರ ಕಾಯ್ದೆಯಡಿ, ಕಾರ್ಮಿಕರ ಮನವೊಲಿಸಲು ನೇಮಕಗೊಂಡ ಸಲಹೆಗಾರ ಒಪ್ಪಂದವಾದ 30 ದಿನದೊಳಗೆ ಎಲ್‌ಎಂ-20 ನಮೂನೆ ಸಲ್ಲಿಸಬೇಕು. ಕಂಪನಿ ವರ್ಷಕ್ಕೊಮ್ಮೆ ಎಲ್‌ಎಂ-10 ಸಲ್ಲಿಸಬೇಕು. ಎರಡೂ ಅಮೆರಿಕದ ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಕಂಪನಿ ಹೆಸರು ಹಾಕಿ ಹುಡುಕಿದರೆ ಸಿಗುತ್ತವೆ. ಎಲ್‌ಎಂ-20ರಲ್ಲಿ ಯಾರು, ಯಾವ ಕಾರ್ಖಾನೆ, ಯಾವ ಷರತ್ತು ಅಂತ ಇರುತ್ತದೆ.

ಎರಡು ತೊಡಕು. ಮತದಾನ ನಾಲ್ಕು ವಾರದಲ್ಲಿ ಮುಗಿಯುತ್ತದೆ, ನಮೂನೆಗೆ 30 ದಿನ ಗಡುವು, ಅದೂ ತಡವಾಗಿಯೇ ಬರುತ್ತದೆ. ಜತೆಗೆ, ಕಾರ್ಮಿಕರ ಜತೆ ನೇರ ಮಾತಾಡದೆ ತೆರೆಮರೆಯಲ್ಲಿ ಸೂಪರ್‌ವೈಸರ್‌ಗೆ ಹೇಳಿಕೊಡುವವನು ಬರೀ "ಸಲಹೆ" ಕೊಟ್ಟವನು, ಅವನು ಏನನ್ನೂ ಸಲ್ಲಿಸಬೇಕಿಲ್ಲ. ಹಾಗಾಗಿ ಹುಡುಕಿದಾಗ ಹೆಸರು ಸಿಗದಿದ್ದರೆ ಸಲಹೆಗಾರ ಇರಲಿಲ್ಲ ಅಂತ ಬರೆದುಬಿಡಬೇಡಿ. ಬೇರೆ ಬೇರೆ ಇಲಾಖೆಯ ಸೂಪರ್‌ವೈಸರ್‌ಗಳು ಒಂದೇ ದಿನ ಒಂದೇ ಉದಾಹರಣೆ ಹೇಳುತ್ತಿದ್ದರೆ ಅದನ್ನು ಬರೆದುಕೊಟ್ಟವರು ಯಾರೋ ಇದ್ದಾರೆ.